ಸುಟ್ಟ ಬೆಲ್ಲದ ವಾಸನೆ

ಗದಗ ಕಡೆಯ ಹಳ್ಳಿಯೊಂದರ ದಂಪತಿ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು, ವಂಶದಲ್ಲಿ ಬರುವ ಕಾಯಿಲೆಯ ಬಗ್ಗೆ ಸಲಹೆ ಕೇಳಲು ಹುಬ್ಬಳ್ಳಿಯಲ್ಲಿ ನನ್ನನ್ನು ಕಂಡರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಗುವಿಗೆ ಮೇಪಲ್ ಸಿರಪ್ ಯೂರಿನ್ ಕಾಯಿಲೆ. ಪ್ರೋಟೀನಿನ ಘಟಕಗಳಾದ ಲ್ಯೂಸಿನ್ ಮತ್ತು ಇನ್ನೆರಡು ಅಮೈನೊ ಆಮ್ಲಗಳನ್ನು ಒಡೆಯುವ ಕಿಣ್ವ ಕೆಲಸ ಮಾಡದೆ, ಅವು ರಕ್ತದಲ್ಲಿ ಏರಿ ಮಿದುಳನ್ನು ಕೆಡಿಸುತ್ತವೆ. ಮೊದಲ ಗಂಡುಕೂಸು ರೋಗದ ಹೆಸರು ತಿಳಿಯುವ ಮೊದಲೇ, ಹನ್ನೆರಡನೆಯ ದಿನ ತೀರಿಕೊಂಡಿತ್ತು.

ಗಂಡ ಆಕೆಗೆ ಸೋದರಮಾವ. ಜೊತೆಗೆ ಬಂದಿದ್ದ ಹಿರಿಯರು ಅವನ ತಾಯಿ, ಆಕೆಗೆ ತಾಯಿಯ ತಾಯಿ. ಸಂಶೋಧನೆಗೆಂದು ಮನೆಮಂದಿಯ ರಕ್ತ ಕೇಳಿದ್ದರು. ಅಜ್ಜಿ ಒಲ್ಲೆ ಎಂದಿದ್ದರು. ಒಲ್ಲೆ ಎಂದರೆ ಮಗುವಿನ ಚಿಕಿತ್ಸೆ ನಿಂತೀತೆಂದು ಮಗನ ಹೆದರಿಕೆ.

ಅದನ್ನೇ ಮೊದಲು ಬಿಡಿಸಿದೆ: ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ. ಸಹಿ ಹಾಕದಿರಬಹುದು, ಹಾಕಿದ ಮೇಲೂ ಹಿಂದೆಗೆಯಬಹುದು.

"ಈ ಮದುವೆ ಕೂಡಿಸಿದವಳು ನಾನೇ. ನನ್ನ ರಕ್ತದಲ್ಲೇ ದೋಷ ಕಂಡರೆ?" ಎಂದರು ಅಜ್ಜಿ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಜೀನ್ ಸೇರಿದರೆ ಮಾತ್ರ ಈ ಕಾಯಿಲೆ. ಒಂದೇ ಇದ್ದವರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಅದು ನಿಮ್ಮಿಂದ ಬಂತೋ, ತೀರಿಹೋದ ಯಜಮಾನರಿಂದ ಬಂತೋ, ಮೊಮ್ಮಗಳ ಚಿಕಿತ್ಸೆ ಎಳ್ಳಷ್ಟೂ ಬದಲಾಗದು, ಅವಳ ತಂದೆತಾಯಿಯ ಪರೀಕ್ಷೆ ಸಾಕು ಎಂದೆ. ಸಂಶೋಧನೆ ಯಾವ ಮನೆಯಲ್ಲೂ ಪಂಚಾಯಿತಿ ಕಟ್ಟೆಯಾಗಬಾರದು.

ಆಮೇಲೆ ಅವರು ನೆನೆದದ್ದನ್ನು ನಾನು ಮರೆಯಲಾರೆ. "ಮೊದಲಿನ ಕೂಸಿನ ಬಟ್ಟೆಗೆ ಸುಟ್ಟ ಬೆಲ್ಲದ ವಾಸನೆ ಇತ್ತು. ಹೇಳಿದೆ, ಯಾರೂ ಕಿವಿಗೊಡಲಿಲ್ಲ." 1954ರಲ್ಲಿ ವೈದ್ಯ ಜಾನ್ ಮೆಂಕಿಸ್ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಮೊದಲು ವರ್ಣಿಸಿದಾಗ, ಒಂದೇ ಮನೆಯ ನಾಲ್ಕು ಹಸುಳೆಗಳ ಮೂತ್ರದಲ್ಲಿ ಗುರುತಿಸಿದ್ದೂ ಈ ಬಗೆಯ, ಮೇಪಲ್ ಮರದ ಸಿಹಿಪಾಕದಂಥ ವಾಸನೆಯನ್ನೇ. ಕಾಯಿಲೆಯ ಹೆಸರೂ ಅದರಿಂದಲೇ. ಅಜ್ಜಿಗೆ ಇದನ್ನು ಎರಡು ಸಲ ಹೇಳಿದೆ.

ದಂಪತಿಗೆ ಕೊಟ್ಟ ಸಲಹೆ: ಲ್ಯೂಸಿನ್ ಇಲ್ಲದ ವಿಶೇಷ ಹಾಲಿನ ಪುಡಿಯನ್ನು ತಪ್ಪಿಸಬೇಡಿ. ಹಾಲು, ಬೇಳೆ ಆಹಾರತಜ್ಞರು ಅಳೆದು ಹೇಳಿದಷ್ಟೇ. ಜ್ವರ, ವಾಂತಿ ಬಂದರೆ ಅಥವಾ ಮಗು ಉಣ್ಣದಿದ್ದರೆ ದೇಹ ತನ್ನದೇ ಪ್ರೋಟೀನ್ ಕರಗಿಸಿ ಲ್ಯೂಸಿನ್ ಏರಿಸುತ್ತದೆ. ಬೆಳಗಾಗಲಿ ಎಂದು ಕಾಯದೆ, ತುರ್ತಿನಲ್ಲಿ ಏನು ಮಾಡಬೇಕೆಂದು ವೈದ್ಯರು ಬರೆದುಕೊಟ್ಟ ಪತ್ರ ಹಿಡಿದು ಆಸ್ಪತ್ರೆಗೆ ಹೊರಡಿ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಲ್ಲಿ ಇದೂ ಸೇರಿದೆ, ನೆರವಿಗೆ ಅರ್ಜಿ ಹಾಕಿ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇದ್ದೇ ಇರುತ್ತದೆ. ನಿಮ್ಮಿಬ್ಬರ ಜೀನ್ ದೋಷ ಗೊತ್ತಾದರೆ 11ರಿಂದ 13ನೆಯ ವಾರದೊಳಗೆ ಗರ್ಭದಲ್ಲೇ ಪರೀಕ್ಷಿಸಬಹುದು.

ಎದ್ದು ಹೊರಟ ಅಜ್ಜಿ ಬಾಗಿಲಲ್ಲಿ ತಿರುಗಿ, "ಇವಳ ತಂಗಿಯನ್ನೂ ನನ್ನ ಕಿರಿಯ ಮಗನಿಗೆ ಮಾತಾಡಿದ್ದೇವೆ" ಎಂದರು. ಮಾತು ಮುಂದುವರಿಸುವ ಮುನ್ನ ಅವರಿಬ್ಬರನ್ನೂ ಕರೆತನ್ನಿ ಎಂದೆ.