ವಾರ್ಷಿಕ ವರದಿಯನ್ನು ಹಿಂದಿನ ಪುಟದಿಂದ ಓದಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲೇಜು, ವಿಶ್ವವಿದ್ಯಾಲಯದ ಬಗ್ಗೆಯೇ ಇವೆ. ಅಡ್ಮಿಷನ್ ಕಾಲ, ಅಲ್ವಾ. ಹೊಸ ಓದುಗರಿಗೆ ಒಂದು ಮಾತು: ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ 29 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಲೈಬ್ರರಿಯವಳಿಗೆ ಏನು ಕೆಲಸ ಅಂದುಕೊಂಡು ವಾರ್ಷಿಕ ವರದಿ ಬರೆಯುವ ಜವಾಬ್ದಾರಿಯನ್ನೂ ನನಗೇ ಕೊಟ್ಟಿದ್ದರು. ಕಾಲೇಜಿನ ಹೆಸರು ಮಾತ್ರ ಕೇಳಬೇಡಿ.

ಪ್ರಶ್ನೆ: ಮಗಳಿಗೆ ಎಂ.ಎಸ್ಸಿ. ಸೀಟು ಸಿಗುವ ಹಾಗಿದೆ. ಹಾಸ್ಟೆಲ್ ಸಿಗದಿದ್ದರೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ. ಪರಿಚಯದವರೊಬ್ಬರು ಆ ವಿಶ್ವವಿದ್ಯಾಲಯದ ವಾರ್ಷಿಕ ವರದಿ ತಂದುಕೊಟ್ಟರು. ಪುಟಕ್ಕೆ ನಾಲ್ಕು ಫೋಟೊ. ಎಲ್ಲದರಲ್ಲೂ ಶಾಲು, ಹಾರ, ದೀಪ. ನಾನು ಏಳನೇ ಇಯತ್ತೆ ಓದಿದವನು. ಇದರಲ್ಲಿ ಏನು ನೋಡಬೇಕು?
— ಒಬ್ಬ ರೈತರು, ಆಳಂದ ತಾಲ್ಲೂಕು

ಉತ್ತರ: ಹಿಂದಿನಿಂದ ಓದಿ. ತಮಾಷೆಗೆ ಹೇಳುತ್ತಿಲ್ಲ. ಮುಂದಿನ ಪುಟಗಳು ಅತಿಥಿಗಳಿಗೆ. ಕೋಷ್ಟಕಗಳೆಲ್ಲ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ನಾನೇ ಅಲ್ಲಿ ಇಡುತ್ತಿದ್ದೆ, ಅದಕ್ಕೇ ಗೊತ್ತು.

ಮೊದಲು ಮಗಳ ವಿಭಾಗದ ಹೆಸರು ಹುಡುಕಿ. ಅಲ್ಲಿ ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು ನೋಡಿ. ಅತಿಥಿಗಳು ಚೆನ್ನಾಗಿ ಪಾಠ ಮಾಡುವುದಿಲ್ಲ ಎಂದಲ್ಲ. ನಾನು ಕಂಡ ಒಳ್ಳೆಯ ಮೇಷ್ಟ್ರುಗಳಲ್ಲಿ ಅವರೇ ಜಾಸ್ತಿ. ಆದರೆ ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆ ಎಂಬ ಖಾತ್ರಿ ಇಲ್ಲ. ನಿಮ್ಮ ಮಗಳ ಕೋರ್ಸು ಎರಡು ವರ್ಷದ್ದು.

ಆಮೇಲೆ ಮೊದಲ ವರ್ಷಕ್ಕೆ ಸೇರಿದವರು ಎಷ್ಟು, ಕೊನೆಯ ವರ್ಷ ಪಾಸಾದವರು ಎಷ್ಟು ಎಂದು ಲೆಕ್ಕ ಹಾಕಿ. ಹುಡುಗಿಯರದ್ದು ಬೇರೆಯಾಗಿ ಕೊಟ್ಟಿದ್ದರೆ ಅದನ್ನೂ ನೋಡಿ. ನಡುವೆ ಬಿಟ್ಟುಹೋದವರ ಫೋಟೊ ಯಾವ ವರದಿಯಲ್ಲೂ ಬರುವುದಿಲ್ಲ. ಈ ಕಳೆಯುವ ಲೆಕ್ಕದಲ್ಲಿ ಮಾತ್ರ ಸಿಗುತ್ತಾರೆ. ಚಿನ್ನದ ಪದಕದ ಪಟ್ಟಿ ನೋಡಿ ಖುಷಿಪಡಿ, ತಪ್ಪಿಲ್ಲ. ಅದು ಮುಂದಿನ ಬೆಂಚಿನ ಒಬ್ಬರ ಕಥೆ, ಕ್ಲಾಸಿನ ಉಳಿದ ಮೂವತ್ತೊಂಬತ್ತು ಜನರದ್ದಲ್ಲ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೊಟ್ಟ ಗ್ರೇಡು ದೊಡ್ಡದಾಗಿ ಹಾಕಿರುತ್ತಾರೆ. ಯಾವ ವರ್ಷದ್ದು ನೋಡಿ. ಸಾಮಾನ್ಯವಾಗಿ ಅದಕ್ಕೆ ಐದು ವರ್ಷ ಆಯಸ್ಸು. ಆಯಸ್ಸು ಮುಗಿದ ಗ್ರೇಡನ್ನೂ ಗೇಟಿನ ಮೇಲೆ ಬಣ್ಣ ಹಚ್ಚಿ ಇಟ್ಟುಕೊಂಡವರಿದ್ದಾರೆ.

ಲೈಬ್ರರಿ ಪುಟದಲ್ಲಿ "ಒಂದು ಲಕ್ಷ ಪುಸ್ತಕ" ಎಂದಿದ್ದರೆ ಮರುಳಾಗಬೇಡಿ. ವರ್ಷಕ್ಕೆ ಎಷ್ಟು ಪುಸ್ತಕ ಹೊರಗೆ ಹೋಗಿ ವಾಪಸ್ ಬಂದವು ಎಂದು ಕೇಳಿ. ಪರೀಕ್ಷೆ ತಿಂಗಳಲ್ಲಿ ರಾತ್ರಿ ಎಷ್ಟು ಗಂಟೆವರೆಗೆ ಬಾಗಿಲು ತೆರೆದಿರುತ್ತದೆ ಎಂದೂ ಕೇಳಿ. ಇದು ನನ್ನ ಪಕ್ಷಪಾತ, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು, ಹೆಣ್ಣುಮಕ್ಕಳ ತಂದೆ ಎಂದು ಹೇಳುತ್ತಿದ್ದೇನೆ. ಲೈಂಗಿಕ ಕಿರುಕುಳದ ದೂರು ಕೇಳಲು ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ವರ್ಷಕ್ಕೆ ಎಷ್ಟು ದೂರು ಬಂದವು, ಎಷ್ಟು ತೀರಿದವು ಎಂಬ ಲೆಕ್ಕವೂ ಕೊಡಬೇಕು. ಅಲ್ಲಿ ವರ್ಷ ವರ್ಷವೂ "ಸೊನ್ನೆ" ಎಂದಿದ್ದರೆ ನಿಮಗೆ ಸಮಾಧಾನ ಆಗಬಹುದು. ನನಗೆ ಆಗುವುದಿಲ್ಲ. ಸಾವಿರಾರು ಹುಡುಗಿಯರು ಇರುವ ಕಡೆ ಒಂದೂ ದೂರು ಇಲ್ಲ ಎಂದರೆ, ದೂರು ಎಲ್ಲಿ ಕೊಡಬೇಕು ಎಂದು ಅವರಿಗೆ ಗೊತ್ತಿಲ್ಲದೆಯೂ ಇರಬಹುದು.

ಹಾಸ್ಟೆಲಿಗೆ ಅರ್ಜಿ ಹಾಕಿದವರೆಷ್ಟು, ಸಿಕ್ಕಿದ್ದು ಎಷ್ಟು ಮಂದಿಗೆ, ಇದನ್ನು ಆಫೀಸಿಗೇ ಹೋಗಿ ಕೇಳಿ. ಹಾಸ್ಟೆಲ್ ಸಿಗದಿದ್ದರೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ ಎಂದು ಬರೆದಿದ್ದೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಇಲ್ಲ. ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ. ಪ್ರಾಕ್ಟಿಕಲ್ ಸಂಜೆ ಐದಕ್ಕೆ ಮುಗಿದರೆ ಊರು ಮುಟ್ಟುವುದು ಎಷ್ಟಕ್ಕೆ ಎಂದು ನೀವೇ ಒಂದು ದಿನ ಹೋಗಿ ಬಂದು ನೋಡಿ.

ಪ್ರಶ್ನೆ: ಎನ್.ಎಸ್.ಎಸ್. ಕ್ಯಾಂಪಿಗೆ ಹೆಸರು ಕೊಟ್ಟಿದ್ದೇನೆ. ಅವ್ವ ಬೈಯುತ್ತಿದ್ದಾಳೆ: "ರಾಶಿ ಟೈಮಿನ್ಯಾಗ ನಮ್ಮ ಹೊಲ ಬಿಟ್ಟು ಮಂದಿ ಊರು ಉಡುಗ್ಲಾಕ ಹೊಂಟೀ?" ನಿಜಕ್ಕೂ ಇದರಿಂದ ಯಾರಿಗಾದರೂ ಉಪಯೋಗ ಇದೆಯಾ?
— ಬಿ.ಎ. ವಿದ್ಯಾರ್ಥಿನಿ, ಶಹಾಪುರ

ಉತ್ತರ: ಅವ್ವ ಕೇಳಿದ್ದು ಸರಿಯಾಗಿಯೇ ಇದೆ. ಅದಕ್ಕೆ ನಾನು ಒಂದು ಗುಂಡಿಯ ಕಥೆ ಹೇಳುತ್ತೇನೆ.

ಎನ್.ಎಸ್.ಎಸ್., ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಶತಮಾನೋತ್ಸವದ ವರ್ಷ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಹುಡುಗಿಯರು ಹೊರಟರೆ ಸಿಬ್ಬಂದಿಯಲ್ಲಿ ಒಬ್ಬ ಹೆಂಗಸು ಜೊತೆಗಿರಬೇಕು ಎಂದು ಒಂದು ವರ್ಷ ನನ್ನನ್ನು ಕಳಿಸಿದರು. ಜೇವರ್ಗಿ ಕಡೆಯ ಒಂದು ಊರು. ಜನವರಿ, ತೊಗರಿ ರಾಶಿ ನಡೆದಿತ್ತು. ಹಗಲು ಊರಲ್ಲಿ ಮುದುಕರು, ಮಕ್ಕಳು, ನಾಯಿ ಬಿಟ್ಟರೆ ಯಾರೂ ಇಲ್ಲ. ಐವತ್ತು ಹುಡುಗ ಹುಡುಗಿಯರು ಕೈಯಲ್ಲಿ ಕಸಬರಿಗೆ ಹಿಡಿದು ಹನುಮಪ್ಪನ ಗುಡಿ ಮುಂದೆ ನಿಂತರು. ಉಡುಗಿದರು. ಫೋಟೊ ಆಯಿತು. ಕಟ್ಟೆ ಮೇಲೆ ಕೂತಿದ್ದ ಒಬ್ಬ ಆಯಿ ಎಲ್ಲ ನೋಡಿ ಹೇಳಿದಳು: "ಗುಡಿ ದಿನಾ ನಾವೇ ಉಡುಗ್ತೀವಿ ತಂಗಿ. ಬಚ್ಚಲ ನೀರು ಹಾದ್ಯಾಗ ಹರ್ಲಾಕತ್ತದ, ಅದಕ ಏನರ ಮಾಡ್ರಿ."

ಸರಿ, ಇಂಗುಗುಂಡಿ ಮಾಡೋಣ ಎಂದರು ನಮ್ಮ ಎನ್.ಎಸ್.ಎಸ್. ಸರ್. ಮೂರು ಫೂಟು ಅಗಲ, ಮೂರು ಫೂಟು ಆಳ. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಆಮೇಲೆ ಉಸುಕು. ಐದು ದಿನದಲ್ಲಿ ಹನ್ನೊಂದು ಗುಂಡಿ. ಹುಡುಗರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನಾನು ವಾಪಸ್ ಬಂದು ವರದಿಯಲ್ಲಿ ಬರೆದೆ: "ಇಂಗುಗುಂಡಿಗಳು 11, ಫಲಾನುಭವಿಗಳು 400." ಆ 400 ಹೇಗೆ ಬಂತು ಗೊತ್ತಾ? ಸಮಾರೋಪದ ದಿನ ಮೈಕ್ ಕೇಳಿಸುವಷ್ಟು ದೂರದಲ್ಲಿ ಇದ್ದವರೆಲ್ಲ ಫಲಾನುಭವಿಗಳೇ.

ಮರು ವರ್ಷ ಊರು ಬದಲಿಸೋಣ ಎಂಬ ಮಾತು ಬಂತು. ಹೊಸ ಊರಾದರೆ ವರದಿಯಲ್ಲಿ ಹೊಸ ಹೆಸರು. ಯಾವುದೋ ಕಾರಣಕ್ಕೆ ಆಗಲಿಲ್ಲ, ಅದೇ ಊರಿಗೆ ಹೋದೆವು. ಅದೇ ಆಯಿ, ಅದೇ ಕಟ್ಟೆ. "ನಿಮ್ಮ ಗುಂಡಿ ತುಂಬಿ ಚೆಲ್ಲಿ ಸೊಳ್ಳಿ ಹೆಚ್ಚಾಗ್ಯಾವ ನೋಡ್ರಿ." ಹನ್ನೊಂದರಲ್ಲಿ ಒಂಬತ್ತು ಗುಂಡಿ ಕೆಟ್ಟಿದ್ದವು. ಕಾರಣ ನಮ್ಮ ಕಾಲ ಕೆಳಗೇ ಇತ್ತು. ಅದು ಎರೆಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ಊರು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಕೆಳಗೆ ಬಿಡುವುದಿಲ್ಲ. ನಮ್ಮ ಗುಂಡಿ ಇಂಗುವ ಗುಂಡಿ ಆಗಿರಲಿಲ್ಲ, ನೀರು ನಿಲ್ಲುವ ಹಂಡೆ ಆಗಿತ್ತು. ಆ ಊರಿನ ಗಾರೆ ಕೆಲಸದ ಗೌಂಡಿ ಒಬ್ಬರು ಹಾರೆಯಿಂದ ಕುಟ್ಟಿ ತೋರಿಸಿದರು. ಇನ್ನೂ ಕೆಳಗೆ ಹೋದರೆ ನೀರು ಇಂಗುವ ಹರಳು ಮಣ್ಣು, ಗರಸು, ಸಿಗುತ್ತದೆ, ಅಲ್ಲಿವರೆಗೆ ತೋಡಬೇಕು, ಸುತ್ತಲಿನ ಎರೆಮಣ್ಣು ಒಳಗೆ ಕುಸಿಯದ ಹಾಗೆ ಕಲ್ಲು ಕಟ್ಟಬೇಕು. ಆ ವರ್ಷ ಹುಡುಗರು ಬರೀ ನಾಲ್ಕು ಗುಂಡಿ ಮಾಡಿದರು. ಬೆಳಗ್ಗೆ ಹೊಲಕ್ಕೆ ಹೋಗಿ ರಾಶಿಗೆ ಕೈ ಹಚ್ಚಿದರು, ಸಂಜೆ ಊರವರು ಗುಂಡಿಗೆ ಕೈ ಹಚ್ಚಿದರು. ಮನೆ ಮನೆಯಿಂದ ರೊಟ್ಟಿ ಬಂತು. ನಾಲ್ಕೂ ಗುಂಡಿ ಉಳಿದವು. ಮೂರನೇ ವರ್ಷ ನಾನು ಸ್ವಂತ ಖರ್ಚಿನಲ್ಲಿ ಹೋಗಿ ನೋಡಿ ಬಂದೆ.

ಆ ಎರಡನೇ ವರ್ಷದ ವರದಿ ಬರೆಯುವ ಹೊತ್ತು ಬಂತು. ಹಿಂದಿನ ವರ್ಷ 11, ಈ ವರ್ಷ 4. ಪ್ರಿನ್ಸಿಪಾಲರ ಮುಖ ಸಣ್ಣದಾಯಿತು. "ಹಳೆಯ ತಪ್ಪು ತಿದ್ದಿದೆವು" ಎಂದು ಬರೆಯೋಣ ಎಂದರೆ ಆ ನಮೂನೆಯಲ್ಲಿ ಅಂಥ ಕಾಲಂ ಇರಲಿಲ್ಲ.

ಹಾಗಾಗಿ ಹೋಗು ತಂಗಿ. ಮೊದಲ ದಿನ ಕಸಬರಿಗೆ ಹಿಡಿಯುವ ಮೊದಲು ಕಟ್ಟೆ ಮೇಲೆ ಕೂತವರ ಹತ್ತಿರ ಕೂತು ಮಾತಾಡು. ಹೋದ ವರ್ಷ ನಿಮ್ಮ ಕಾಲೇಜು ಎಲ್ಲಿ ಕ್ಯಾಂಪು ಮಾಡಿತ್ತು, ಅಲ್ಲಿಗೆ ಮತ್ತೆ ಯಾರಾದರೂ ಹೋಗಿದ್ದರಾ ಎಂದು ನಿಮ್ಮ ಸರ್‌ಗೆ ಕೇಳು. ಅವ್ವನಿಗೆ ಹೇಳು, ರಾಶಿಗೆ ಎರಡು ದಿನ ನಿಮ್ಮ ಹೊಲಕ್ಕೂ ನಾಲ್ಕು ಗೆಳತಿಯರನ್ನು ಕರೆದುಕೊಂಡು ಬರುತ್ತೇನೆ ಎಂದು. ಬೈಗುಳ ಕಡಿಮೆ ಆಗುತ್ತದೆ.

ಪ್ರಶ್ನೆ: ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದ್ದರೆ ಎಲ್ಲ ಕಡೆ ಸೀಟು ಸಿಗುತ್ತದಂತೆ, ಹೌದಾ?
— ಪಿ.ಯು. ವಿದ್ಯಾರ್ಥಿ, ಸುರಪುರ

ಉತ್ತರ: ಎಲ್ಲ ಕಡೆ ಅಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಒಳಗಿನ ಸಂಸ್ಥೆಗಳಲ್ಲಿ ಶೇ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ನಮ್ಮ ನಮ್ಮವರಲ್ಲೇ ಮೆರಿಟ್ ಪೈಪೋಟಿ ಇದ್ದೇ ಇರುತ್ತದೆ. ಅರ್ಹತಾ ಪ್ರಮಾಣಪತ್ರಕ್ಕೆ ಎ.ಸಿ. ಸಾಹೇಬರ, ಅಂದರೆ ಸಹಾಯಕ ಆಯುಕ್ತರ, ಸಹಿ ಬೇಕು. ಕೌನ್ಸೆಲಿಂಗ್ ಹಿಂದಿನ ದಿನ ಕಚೇರಿ ಮುಂದೆ ಓಡಾಡಬೇಡ, ಈಗಲೇ ಅರ್ಜಿ ಹಾಕು.

ಪ್ರಶ್ನೆ: ಒಂದು ಸರ್ಕಾರಿ ವಿಶ್ವವಿದ್ಯಾಲಯದ ವರದಿಯಲ್ಲಿ ನಮ್ಮ ಊರನ್ನು "ದತ್ತು ಗ್ರಾಮ" ಎಂದು ಬರೆದಿದ್ದಾರೆ. ದತ್ತು ಹೋದದ್ದು ನಮಗೇ ಗೊತ್ತಿಲ್ಲ.
— ಗ್ರಾಮ ಪಂಚಾಯಿತಿ ಸದಸ್ಯರು, ಔರಾದ್ ತಾಲ್ಲೂಕು

ಉತ್ತರ: ನಕ್ಕುಬಿಟ್ಟೆ, ಕ್ಷಮಿಸಿ. ಕೇಂದ್ರದ ಉನ್ನತ ಭಾರತ ಅಭಿಯಾನದಲ್ಲಿ ಕಾಲೇಜುಗಳು ಐದೈದು ಊರು ಆರಿಸಿಕೊಳ್ಳುತ್ತವೆ. ಕೆಲವು ಕಡೆ ನಿಜವಾದ ಕೆಲಸ ಆಗಿದೆ. ಕೆಲವು ಕಡೆ ಒಂದು ಬೋರ್ಡು, ಒಂದು ಫೋಟೊ. ಈಗ ಫೋಟೊ ಕೆಳಗೆ ಅಕ್ಷಾಂಶ, ರೇಖಾಂಶವೂ ಬರುತ್ತದೆ. ಬಂದಿದ್ದರು ಎಂದು ಅದು ಹೇಳುತ್ತದೆ, ಏನು ಮಾಡಿದರು ಎಂದು ಹೇಳುವುದಿಲ್ಲ.

ಮೊದಲು ಜಗಳ ಬೇಡ. ಪಂಚಾಯಿತಿ ಲೆಟರ್‌ಹೆಡ್‌ನಲ್ಲಿ ಕುಲಸಚಿವರಿಗೆ ಪತ್ರ ಬರೆಯಿರಿ. "ದತ್ತು ತೆಗೆದುಕೊಂಡಿದ್ದಕ್ಕೆ ಸಂತೋಷ, ನಮಗೆ ಇಂಥದ್ದು ಬೇಕಿದೆ" ಎಂದು ಒಂದೇ ಒಂದು ಕೆಲಸ ಕೇಳಿ. ಮಣ್ಣು ಪರೀಕ್ಷೆ ಇರಬಹುದು, ಶಾಲೆ ಮಕ್ಕಳಿಗೆ ಗಣಿತ ಇರಬಹುದು. ದನಕರುಗಳ ವಿಷಯ ಆದರೆ ನಿಮ್ಮ ಬೀದರಿನಲ್ಲೇ ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅವರಿಗೂ ಒಂದು ಪತ್ರ ಹಾಕಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಫೀ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಸಿಟ್ಟೆಲ್ಲ ಅದರಲ್ಲಿ ಹಾಕಲು ಜಾಗ ಇಲ್ಲ. ಮೂರೇ ಮಾತು ಕೇಳಿ: ನಮ್ಮ ಊರಿಗೆ ಬಂದ ದಿನಾಂಕಗಳು, ಖರ್ಚಾದ ಹಣ, ಎರಡನೇ ಸಲ ಬಂದ ದಿನಾಂಕ.

ಪ್ರಶ್ನೆ: ಕಲಬುರಗಿ ಭಾಗದ ಅತ್ಯಂತ ಹಳೆಯ ವಿಶ್ವವಿದ್ಯಾಲಯ ಯಾವುದು? ಕ್ವಿಜ್‌ಗೆ ಬೇಕಿತ್ತು.
— ಪ್ರೌಢಶಾಲೆ ಶಿಕ್ಷಕರು, ಸೇಡಂ

ಉತ್ತರ: ಕ್ವಿಜ್‌ಗಾದರೆ ಗುಲಬರ್ಗಾ ವಿಶ್ವವಿದ್ಯಾಲಯ, 1980. ಅದಕ್ಕೂ ಮೊದಲು ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಆಗಿತ್ತು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರದ್ದು. ಬೀದರಿನ ಮಹಮೂದ್ ಗವಾನ್ ಮದರಸಾ 1472ರದ್ದು, ಅದನ್ನೂ ಕೇಳಬಹುದು.

ಆದರೆ ಮಕ್ಕಳನ್ನು ಒಂದು ದಿನ ಚಿತ್ತಾಪುರದ ಪಕ್ಕದ ನಾಗಾವಿಗೆ ಕರೆದುಕೊಂಡು ಹೋಗಿ. ನಿಮಗೆ ದೂರವೇನಲ್ಲ. ಅಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ, ಇತ್ತು. 1058ರ ಶಾಸನದಲ್ಲಿ ಲೆಕ್ಕ ಇದೆ: ವೇದ ಕಲಿಯುವವರು 200 ಮಂದಿ, ಶಾಸ್ತ್ರ ಕಲಿಯುವವರು ಬೇರೆ, ಪಾಠ ಹೇಳುವವರು ಆರು ಜನ, ಮತ್ತೆ ಪುಸ್ತಕ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರು ಆರು ಜನ! ಮೇಷ್ಟ್ರು ಎಷ್ಟೋ ಲೈಬ್ರರಿಯವರೂ ಅಷ್ಟೇ. ನಾನು 29 ವರ್ಷ ಒಬ್ಬಳೇ ಇದ್ದೆ, ಜೊತೆಗೆ ಒಬ್ಬ ಅಟೆಂಡರ್, ಅವನೂ ಚುನಾವಣೆ ಡ್ಯೂಟಿ ಬಂದರೆ ಇಲ್ಲ. ಇಷ್ಟು ಚೊಕ್ಕ ವರದಿ ನಾನು ಬರೆದಿಲ್ಲ ಬಿಡಿ. ಒಂದೂ ಫೋಟೊ ಇಲ್ಲ, ಎಲ್ಲ ಲೆಕ್ಕ ಇದೆ.

ಪ್ರಶ್ನೆ: ಕಡಗಂಚಿ ಕ್ಯಾಂಪಸ್‌ನಲ್ಲಿ ಸೀಟು ಸಿಕ್ಕಿದೆ. ಬಿಸಿಲಿಗೆ ಹೆದರಿಕೆ. ಊಟ, ಭಾಷೆ ಹೊಂದುತ್ತದಾ?
— ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಬಿಸಿಲು ಸುಳ್ಳಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ನೀರಿನ ಬಾಟಲಿ, ತಲೆಗೆ ಒಂದು ಹತ್ತಿ ಬಟ್ಟೆ, ಕೊಠಡಿಯಲ್ಲಿ ಒಂದು ಮಣ್ಣಿನ ಮಡಕೆ ಇಟ್ಟುಕೊಳ್ಳಿ. ಹನ್ನೊಂದರಿಂದ ನಾಲ್ಕು ಹೊರಗೆ ತಿರುಗಬೇಡಿ. ಡಿಸೆಂಬರ್ ಬೆಳಗ್ಗೆ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡಿ.

ಕ್ಯಾಂಪಸ್‌ನಲ್ಲಿ ದೇಶದ ಎಲ್ಲ ಕಡೆಯವರು ಇರುತ್ತಾರೆ. ಹಾಗಾಗಿ ನಮ್ಮ ಮಾತು ಕೇಳಬೇಕೆಂದರೆ ಆಳಂದ ಬಸ್ಸು ಹತ್ತಬೇಕು. ಎರಡು ತಿಂಗಳಲ್ಲಿ ನೀವೂ "ಹೌದ್ರಿ, ಇಲ್ರಿ" ಎನ್ನುತ್ತೀರಿ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬೇಳೆ. ಯಾರಾದರೂ ಮನೆಗೆ ಕರೆದು ತಟ್ಟೆಗೆ "ಹಿಂಡಿ ಹಾಕಲೇನ್ರಿ?" ಎಂದು ಕೇಳಿದರೆ ಗಾಬರಿ ಆಗಬೇಡಿ. ನಿಮ್ಮ ಕಡೆ ಅದು ದನ ತಿನ್ನುವುದು. ಇಲ್ಲಿ ಶೇಂಗಾ ಚಟ್ನಿಪುಡಿ. ಮೇಲೆ ಒಂದಿಷ್ಟು ಎಣ್ಣೆ ಹಾಕಿಸಿಕೊಳ್ಳಿ.