ಬೆಂಚ್ ಮೇಲಿನ ಇಬ್ಬರನ್ನು ಬಿಟ್ಟು ಒಬ್ಬ ಸ್ಟಾರ್ ಸ್ಟ್ರೈಕರ್‌ನ ತರಬೇಕಾ?

ಬೇಡ. ಕೊನೇ ಪಕ್ಷ, ಆ ಇಬ್ಬರು ನಿಮ್ಮ ತಂಡಕ್ಕೆ ಏನು ಮಾಡುತ್ತಿದ್ದಾರೆ ಅಂತ ಸರಿಯಾಗಿ ಗೊತ್ತಾಗುವ ತನಕ ಬೇಡ.

ಕಡಿಮೆ ಬಜೆಟ್ ಇರುವ ವೃತ್ತಿಪರ ತಂಡ ಗೆಲ್ಲಬೇಕಾದರೆ ಸ್ಟಾರ್‌ಗಳ ಮೇಲೆ ದುಡ್ಡು ಹಾಕಬೇಕಾ, ಇಲ್ಲ ಎಲ್ಲ ಜಾಗಕ್ಕೂ ಸಮನಾಗಿ ಹಂಚಬೇಕಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಿ: ಜಾಸ್ತಿ ಆಡದ ಇಬ್ಬರನ್ನು ಬಿಟ್ಟರೆ ಒಬ್ಬ ಒಳ್ಳೆ ಸ್ಟ್ರೈಕರ್‌ನ ಸಂಬಳ ಹೊಂದುತ್ತದೆ ಅಂತ. ಹೆಚ್ಚುಕಡಿಮೆ ಅದೇ ಸಾಲನ್ನು ನಾನೂ ಒಂದು ಕಾಲದಲ್ಲಿ ಬರೆದಿದ್ದೆ. ಬರೆದು, ಮೇಲಿನವರನ್ನು ಒಪ್ಪಿಸಿಯೂ ಇದ್ದೆ.

ಆಗ ನಾನು ಒಂದು ಫುಟ್‌ಬಾಲ್ ಕ್ಲಬ್‌ನಲ್ಲಿ ಆಟಗಾರರನ್ನು ಆರಿಸುವ ವಿಭಾಗದಲ್ಲಿದ್ದೆ. ಎರಡನೇ ದರ್ಜೆಯ ಲೀಗ್. ಮೇಲಿನ ಲೀಗಿಗೆ ಏರುವ ಅವಕಾಶ ಸ್ವಲ್ಪದರಲ್ಲೇ ಕೈ ತಪ್ಪಿತ್ತು. ಆಡಳಿತ ಮಂಡಳಿಯಿಂದ ಹಿಡಿದು ಅಭಿಮಾನಿಗಳವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಗೋಲು ಸಾಲಲಿಲ್ಲ, ಸ್ಟ್ರೈಕರ್ ತನ್ನಿ. ಒಬ್ಬ ಒಳ್ಳೆ ಸ್ಟ್ರೈಕರ್ ಸಿಗುವ ಹಾಗೂ ಇದ್ದ. ಅವನ ಸಂಬಳಕ್ಕೆ ಮಾತ್ರ ಜಾಗ ಇರಲಿಲ್ಲ. ಯಾರನ್ನು ಬಿಟ್ಟರೆ ನಷ್ಟ ಕಡಿಮೆ ಅಂತ ಹುಡುಕುವ ಕೆಲಸ ನನಗೆ ಬಂತು.

ಪಟ್ಟಿಯಲ್ಲಿ ಮೂವತ್ತು ದಾಟಿದ ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್ ಇದ್ದ, ಅಂದರೆ ಡಿಫೆಂಡರ್‌ಗಳ ಮುಂದೆ ನಿಂತು ಎದುರಾಳಿಯ ದಾಳಿ ತಡೆಯುವವನು. ಮೊದಲ ಹನ್ನೊಂದರಲ್ಲಿ ಕಾಯಂ ಅಲ್ಲ. ಕೆಲವು ಪಂದ್ಯ ಶುರುವಿನಿಂದ ಆಡುತ್ತಿದ್ದ, ಉಳಿದಂತೆ ಅರವತ್ತು ಎಪ್ಪತ್ತನೇ ನಿಮಿಷಕ್ಕೆ ಇಳಿಯುತ್ತಿದ್ದ. ಗೋಲು ಇಲ್ಲ, ಅಸಿಸ್ಟ್ ಇಲ್ಲ, ಟ್ಯಾಕಲ್ ಕೂಡ ಆ ಜಾಗದಲ್ಲಿ ಆಡುವ ಬೇರೆಯವರಿಗಿಂತ ಕಡಿಮೆ. ಪಾಸ್‌ಗಳೆಲ್ಲ ಅಡ್ಡಡ್ಡ, ಹತ್ತಿರದವು. ಒಪ್ಪಂದ ಆ ಸೀಸನ್‌ಗೆ ಮುಗಿಯುತ್ತಿತ್ತು. ಅವನ ಹೆಸರಿನ ಮುಂದೆ ‘ಬಿಡಬಹುದು’ ಅಂತ ಬರೆದೆ. ಹಳೇ ಸಹಾಯಕ ಕೋಚ್ ಒಬ್ಬರು ನನ್ನ ಟೇಬಲ್ ಹತ್ತಿರ ಬಂದು, "ಅವನನ್ನ ಬಿಡ್ಬೇಡ ಮಾರಾಯ, ಅವನಿದ್ರೆ ಹಿಂದಿನ ನಾಲ್ವರು ನೆಮ್ಮದಿಯಾಗಿ ಆಡ್ತಾರೆ" ಅಂದರು. "ಸರ್, ಅದನ್ನ ಅಂಕಿಯಲ್ಲಿ ತೋರಿಸಿ" ಅಂದೆ. ಅವರ ಹತ್ತಿರ ಅಂಕಿ ಇರಲಿಲ್ಲ. ನನ್ನ ಹತ್ತಿರ ಹಾಳೆಗಟ್ಟಲೆ ಇತ್ತು.

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ. ಉದ್ದವಾದರೂ ಓದಿ, ಯಾಕಂದ್ರೆ ಕಾಗದದ ಮೇಲೆ ಇದು ತಪ್ಪಿನ ಹಾಗೆ ಕಾಣುವುದೇ ಇಲ್ಲ.

ಫುಟ್‌ಬಾಲಿನಲ್ಲಿ ಆಟಗಾರರನ್ನು ಹೋಲಿಸುವಾಗ ಪ್ರತಿ 90 ನಿಮಿಷಕ್ಕೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಕಡಿಮೆ ಆಡಿದವನಿಗೆ ಅನ್ಯಾಯ ಆಗಬಾರದು ಅಂತ. ನಾನೂ ಹಾಗೇ ಹಾಕಿದೆ. ಆದರೆ ಇವನು ಹೆಚ್ಚಾಗಿ ಮೈದಾನಕ್ಕೆ ಇಳಿಯುತ್ತಿದ್ದದ್ದು ನಾವು ಒಂದು ಗೋಲು ಮುಂದಿದ್ದಾಗ. ಆಗ ತಂಡ ಹಿಂದೆ ಸರಿದು ಆಡುತ್ತದೆ, ಚೆಂಡು ಜಾಸ್ತಿ ಹೊತ್ತು ಎದುರಾಳಿಯ ಕಾಲಲ್ಲೇ ಇರುತ್ತದೆ, ಮುಂದಕ್ಕೆ ಪಾಸ್ ಕೊಡುವುದಕ್ಕಿಂತ ಚೆಂಡು ಕಳೆದುಕೊಳ್ಳದೆ ಇರುವುದೇ ಮುಖ್ಯ. ಅಂಥ ಇಪ್ಪತ್ತು ಇಪ್ಪತ್ತೈದು ನಿಮಿಷದ ತುಂಡುಗಳನ್ನು ಪೇರಿಸಿ 90 ಮಾಡಿ, ಅದನ್ನು ಪೂರ್ತಿ ಪಂದ್ಯ ಆಡಿದವರ 90ರ ಜೊತೆ ತೂಗಿದೆ. ಎರಡೂ ಬೇರೆ ಬೇರೆ ಕೆಲಸ.

ಟ್ಯಾಕಲ್ ವಿಷಯಕ್ಕೆ ಬರುತ್ತೇನೆ. ಟ್ಯಾಕಲ್ ಮಾಡುವ ಪರಿಸ್ಥಿತಿ ಬರುವುದೇ ಎದುರಾಳಿ ಚೆಂಡು ಹಿಡಿದು ನಿಮ್ಮ ಮುಂದೆ ಬಂದು ನಿಂತಾಗ. ಇವನು ಪಾಸ್ ಬರುವ ದಾರಿಯಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಅದನ್ನು ನೋಡಿ ಎದುರಾಳಿ ಪಾಸ್ ಕೊಡದೆ ಹಿಂದಕ್ಕೆ ತಿರುಗುತ್ತಿದ್ದ. ಕೊಡದ ಪಾಸನ್ನು ಯಾರೂ ಎಣಿಸುವುದಿಲ್ಲ. ಹಾಗಾಗಿ ಅವನ ಒಳ್ಳೇ ಕೆಲಸ ನನ್ನ ಹಾಳೆಯಲ್ಲಿ ಸೊನ್ನೆಯಾಗಿ ಕಾಣುತ್ತಿತ್ತು.

ಇವೆರಡನ್ನೂ ಬೇಕಾದರೆ ಅನುಭವ ಸಾಲದು ಅಂತ ಬಿಡಬಹುದು. ಮೂರನೆಯದನ್ನು ಬಿಡಲಾಗುವುದಿಲ್ಲ. ನಾನು ಅವನ ಅಂಕಿಯನ್ನು ಮಾತ್ರ ನೋಡಿದೆ, ಅವನು ಆಡುವಾಗ ಪಕ್ಕದವರ ಅಂಕಿ ಏನಾಗುತ್ತದೆ ಅಂತ ನೋಡಲಿಲ್ಲ. ನಮ್ಮ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಮುಂದೆ ಓಡಿ ಕ್ರಾಸ್ ಹಾಕುವುದರಲ್ಲಿ, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಕೊಡುವುದರಲ್ಲಿ ನಿಪುಣ. ಅವನು ಮುಂದೆ ಹೋದಾಗ ಖಾಲಿಯಾಗುವ ಜಾಗಕ್ಕೆ ಈ ಮಿಡ್‌ಫೀಲ್ಡರ್ ಯಾರೂ ಹೇಳದೆ ಜಾರಿಕೊಳ್ಳುತ್ತಿದ್ದ. ಅವನಿದ್ದಾಗ ಲೆಫ್ಟ್ ಬ್ಯಾಕ್‌ನ ಕ್ರಾಸ್ ಎಷ್ಟು, ಇಲ್ಲದಿದ್ದಾಗ ಎಷ್ಟು? ಆ ಲೆಕ್ಕ ನನ್ನದೇ ಫೈಲಿನಲ್ಲಿತ್ತು. ಒಂದು ಮಧ್ಯಾಹ್ನದ ಕೆಲಸ. ಕೇಳಬೇಕಾದ ಪ್ರಶ್ನೆ ನನಗೆ ಹೊಳೆಯಲಿಲ್ಲ. ಸಹಾಯಕ ಕೋಚ್ ಬಾಯಿಬಿಟ್ಟು ಅದನ್ನೇ ಹೇಳಿದ್ದರು, ನಾನು ಅದನ್ನು ಬರೀ ಅಭಿಪ್ರಾಯ ಅಂತ ಪಕ್ಕಕ್ಕಿಟ್ಟೆ.

ಸ್ಟ್ರೈಕರ್ ಬಂದ. ಗೋಲು ಹೊಡೆದ. ಅವನ ಮೇಲೆ ಯಾವ ದೂರೂ ಇಲ್ಲ. ಆದರೆ ತಂಡ ಬೇರೆ ಕಡೆ ಸೋರತೊಡಗಿತು. ಒಂದು ಪಂದ್ಯ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು 1-0 ಮುಂದೆ, ಕೊನೆಯ ಕೆಲವು ನಿಮಿಷ. ಅವರ ಗೋಲ್‌ಕೀಪರ್ ಚೆಂಡನ್ನು ಉದ್ದಕ್ಕೆ ಒದ್ದ. ನಮ್ಮ ಸೆಂಟರ್ ಬ್ಯಾಕ್ ಹಾರಿ ತಲೆ ಕೊಟ್ಟ, ಚೆನ್ನಾಗೇ ಕೊಟ್ಟ. ಚೆಂಡು ಪೆನಾಲ್ಟಿ ಬಾಕ್ಸ್‌ನ ಹೊರಗೆ, ನಟ್ಟನಡುವೆ ಬಿತ್ತು. ಹಿಂದಿನ ವರ್ಷವಾಗಿದ್ದರೆ ಹಾಗೆ ಸಿಡಿದು ಬಿದ್ದ ಚೆಂಡು ನಾವು ಬಿಟ್ಟ ಆ ಮಿಡ್‌ಫೀಲ್ಡರ್‌ನ ಕಾಲಿಗೆ ಬರುತ್ತಿತ್ತು. ಈಗ ಅಲ್ಲಿ ಯಾರೂ ಇಲ್ಲ. ನಮ್ಮ ಇಬ್ಬರು ಮಿಡ್‌ಫೀಲ್ಡರ್‌ಗಳು ಇನ್ನೊಂದು ಗೋಲಿನ ಆಸೆಗೆ ಮುಂದೆ ಇದ್ದರು. ಅವರ ಹುಡುಗ ಒಂದು ಟಚ್‌ನಲ್ಲಿ ನಿಲ್ಲಿಸಿ, ಎರಡನೇ ಟಚ್‌ನಲ್ಲಿ ಹೊಡೆದ. ಡ್ರಾ. ಇದೇ ತರಹದ ಗೋಲು ಆ ಸೀಸನ್‌ನಲ್ಲಿ ಮತ್ತೆ ಮತ್ತೆ ಬಿತ್ತು. ಲೆಫ್ಟ್ ಬ್ಯಾಕ್ ಮುಂದೆ ಹೋಗುವುದನ್ನೇ ಕಡಿಮೆ ಮಾಡಿದ, ಹೊಸ ಸ್ಟ್ರೈಕರ್‌ಗೆ ಕ್ರಾಸ್ ಬರುವುದು ನಿಂತಿತು. ಅಂದರೆ ಯಾರಿಗೋಸ್ಕರ ಜಾಗ ಮಾಡಿದೆವೋ ಅವನಿಗೇ ಪೆಟ್ಟು ಬಿತ್ತು. ಪಟ್ಟಿಯ ಕೆಳಗಿನ ಅರ್ಧದಲ್ಲಿ ಮುಗಿಸಿದೆವು. ಕೋಚ್ ಹೋದರು, ಆ ಸಹಾಯಕ ಕೋಚ್‌ರನ್ನೂ ಅವರ ಜೊತೆಗೇ ಕಳಿಸಿದರು. ನನ್ನ ಒಪ್ಪಂದವನ್ನೂ ಮುಂದುವರಿಸಲಿಲ್ಲ. ಸಹಾಯಕ ಕೋಚ್ ಕೆಲಸ ಕಳೆದುಕೊಂಡದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಇದು ಸಣ್ಣ ಕ್ಲಬ್ಬಿನ ಕಥೆ ಅಂದುಕೊಳ್ಳಬೇಡಿ. 2003ರಲ್ಲಿ ರಿಯಲ್ ಮ್ಯಾಡ್ರಿಡ್ ಸ್ಪೇನ್ ಲೀಗ್ ಗೆದ್ದ ತಂಡ. ಆ ವರ್ಷವೇ ಡೇವಿಡ್ ಬೆಕಮ್‌ನನ್ನು ತಂದರು, ಡಿಫೆನ್ಸಿವ್ ಮಿಡ್‌ಫೀಲ್ಡರ್ ಕ್ಲಾಡ್ ಮ್ಯಾಕೆಲೆಲೆಯನ್ನು ಇಂಗ್ಲೆಂಡಿನ ಚೆಲ್ಸಿಗೆ ಬಿಟ್ಟುಕೊಟ್ಟರು. ಮುಂದಿನ ಸೀಸನ್ ನಾಲ್ಕನೇ ಸ್ಥಾನ. ಮತ್ತೆ ಲೀಗ್ ಗೆದ್ದದ್ದು 2007ರಲ್ಲಿ. ಮ್ಯಾಕೆಲೆಲೆ ಸೇರಿದ ಚೆಲ್ಸಿ 2004-05ರಲ್ಲಿ 38 ಪಂದ್ಯಗಳಲ್ಲಿ ಬರೀ 15 ಗೋಲು ಬಿಟ್ಟುಕೊಟ್ಟು ಪ್ರೀಮಿಯರ್ ಲೀಗ್ ಗೆದ್ದಿತು. ಇನ್ನು ಎನ್‌ಗೋಲೊ ಕಾಂಟೆ, ಅವನೂ ಡಿಫೆನ್ಸಿವ್ ಮಿಡ್‌ಫೀಲ್ಡರ್. 2015-16ರಲ್ಲಿ ಲೆಸ್ಟರ್ ಸಿಟಿ ಲೀಗ್ ಗೆದ್ದಾಗ ಅವನು ಲೆಸ್ಟರ್‌ನಲ್ಲಿದ್ದ, ಚೆಲ್ಸಿ ಹತ್ತನೇ ಸ್ಥಾನದಲ್ಲಿತ್ತು. ಅವನು ಚೆಲ್ಸಿಗೆ ಹೋದ. ಮುಂದಿನ ಸೀಸನ್ ಚೆಲ್ಸಿ ಮೊದಲು, ಲೆಸ್ಟರ್ 12ನೇದು. ಎಲ್ಲವೂ ಅವನೊಬ್ಬನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಚೆಲ್ಸಿಗೆ ಹೊಸ ಕೋಚ್ ಬಂದಿದ್ದರು, ಲೆಸ್ಟರ್‌ಗೆ ಯುರೋಪಿನ ಪಂದ್ಯಗಳ ಹೊರೆ ಇತ್ತು. ಆದರೂ ಗೋಲು ಹೊಡೆಯುವ ವಾರ್ಡಿ, ಮಹ್ರೆಜ್ ಇಬ್ಬರೂ ಲೆಸ್ಟರ್‌ನಲ್ಲೇ ಉಳಿದಿದ್ದರು ಅನ್ನುವುದನ್ನು ಮರೆಯಬೇಡಿ.

ಈಗ ನಿಮ್ಮ ಪ್ರಶ್ನೆ. ಸ್ಟಾರಾ, ಸಮತೋಲನವಾ? ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಬ್ಬ ಆಟಗಾರ ಪಂದ್ಯದ ಎಷ್ಟು ಭಾಗವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಬಹುದು ಅನ್ನುವುದನ್ನು ಆ ಆಟದ ನಿಯಮ ಮೊದಲೇ ತೀರ್ಮಾನಿಸಿರುತ್ತದೆ. ಎನ್‌ಬಿಎ ಬ್ಯಾಸ್ಕೆಟ್‌ಬಾಲಿನಲ್ಲಿ ಅಂಕಣದಲ್ಲಿ ಐದೇ ಜನ, ಸ್ಟಾರ್ 48 ನಿಮಿಷದಲ್ಲಿ 35ರಿಂದ 40 ನಿಮಿಷ ಆಡುತ್ತಾನೆ, ಬೇಕೆಂದಾಗಲೆಲ್ಲ ಚೆಂಡು ತನ್ನ ಕೈಗೆ ತರಿಸಿಕೊಳ್ಳುತ್ತಾನೆ. ಅಲ್ಲಿ ಸ್ಟಾರ್ ಮೇಲೆ ದುಡ್ಡು ಹಾಕುವುದು ಸರಿ. ಟಿ20 ಕ್ರಿಕೆಟ್ ಬೇರೆ. ಎಂಥ ಬೌಲರ್ ಆದರೂ ನಾಲ್ಕೇ ಓವರ್, 120 ಎಸೆತದಲ್ಲಿ 24. ಐವರು ಬೌಲರ್ ಬೇಕೇ ಬೇಕು. ಎದುರಾಳಿ ನಿಮ್ಮ ಮೊದಲನೇ ಬೌಲರ್‌ಗೆ ಮರ್ಯಾದೆ ಕೊಟ್ಟು ಐದನೆಯವನನ್ನು ಕಾದು ಹೊಡೆಯುತ್ತಾನೆ. ಹಾಗಾಗಿ ಐದನೇ ಬೌಲರ್ ಯಾರು ಅಂತ ಯೋಚಿಸದೆ ಮೊದಲನೆಯವನ ಮೇಲೆ ಎಲ್ಲ ಸುರಿದರೆ ಕಷ್ಟ. ಫುಟ್‌ಬಾಲಿನಲ್ಲಿ ಹನ್ನೊಂದು ಜನ, ಗೋಲು ಬೀಳುವುದು ಅಪರೂಪ. ಸ್ಟ್ರೈಕರ್‌ಗೆ ಚೆಂಡು ತಲುಪಬೇಕಾದರೆ ಐದಾರು ಕಾಲು ದಾಟಿ ಬರಬೇಕು. ಅದರಲ್ಲಿ ಒಂದು ಕಾಲು ದುರ್ಬಲ ಇದ್ದರೂ ಸಾಕು. ಮನೆ ಸೋರುವುದು ಹೆಂಚು ಒಡೆದ ಕಡೆಯೇ, ಅಲ್ವಾ?

ಹಾಗಂತ ಎಲ್ಲರೂ ಸಾಧಾರಣ ಇದ್ದರೆ ಸಾಕು ಅನ್ನುವುದಲ್ಲ. ಲಿವರ್‌ಪೂಲ್ ನೋಡಿ. 2018ರ ಜನವರಿಯಲ್ಲಿ ತಮ್ಮ ಸ್ಟಾರ್ ಕುಟಿನ್ಯೊನನ್ನು ಬಾರ್ಸಿಲೋನಾಗೆ ಮಾರಿದರು. ಆ ಜನವರಿಯಲ್ಲೇ ಡಿಫೆನ್ಸ್‌ಗೆ ವಾನ್ ಡೈಕ್ ಬಂದ, ಆ ಬೇಸಿಗೆಯಲ್ಲಿ ಗೋಲ್‌ಕೀಪರ್ ಆಗಿ ಅಲಿಸನ್ ಬಂದ. ಇಬ್ಬರಿಗೂ ಭಾರಿ ಬೆಲೆ ಕೊಟ್ಟರು. ಆದರೆ ಎಲ್ಲಿ ಕೊಟ್ಟರು? ಅದೇ ವರ್ಷದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅವರ ಗೋಲ್‌ಕೀಪರ್ ಮಾಡಿದ ಎಡವಟ್ಟು ಜಗತ್ತೇ ನೋಡಿತ್ತು. ಒಡೆದ ಜಾಗಕ್ಕೇ ಸ್ಟಾರ್‌ನ ತಂದರು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್. ನೀವು ಸ್ಟಾರ್‌ಗೆ ದುಡ್ಡು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮ ತಂಡದ ಅತಿ ದುರ್ಬಲ ಜಾಗಕ್ಕೆ ಕೊಡಿ. ಅಭಿಮಾನಿಗಳು ಕೇಳುವ ಜಾಗಕ್ಕೆ ಅಲ್ಲ.

ಅಂಕಿ ಬೇಡ, ಕಣ್ಣಿಂದ ನೋಡಿದ್ದೇ ಸಾಕು ಅನ್ನುವವರ ಪಕ್ಷವೂ ನನ್ನದಲ್ಲ. ಬೇಸ್‌ಬಾಲ್‌ನಲ್ಲಿ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ ಕಡಿಮೆ ಸಂಬಳದ ಆಟಗಾರರನ್ನು ಅಂಕಿ ನೋಡಿ ಆರಿಸಿ 2002ರಲ್ಲಿ 103 ಪಂದ್ಯ ಗೆದ್ದಿತು. ಅಲ್ಲಿ ಅದು ನಡೆಯುವುದಕ್ಕೆ ಕಾರಣ ಇದೆ. ಪಿಚರ್ ಎಸೆಯುತ್ತಾನೆ, ಬ್ಯಾಟರ್ ಹೊಡೆಯುತ್ತಾನೆ, ಆಟದ ದೊಡ್ಡ ಪಾಲು ಇವರಿಬ್ಬರ ನಡುವೆಯೇ ಮುಗಿಯುತ್ತದೆ. ಯಾರ ಅಂಕಿ ಯಾರದು ಅಂತ ಗೊಂದಲವಿಲ್ಲ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಹಾಕಿಯಲ್ಲಿ ಒಬ್ಬನ ಅಂಕಿಯಲ್ಲಿ ಇನ್ನೊಬ್ಬನ ಬೆವರು ಸೇರಿರುತ್ತದೆ. ಬ್ಯಾಸ್ಕೆಟ್‌ಬಾಲಿನವರು ಇದಕ್ಕೆ ಪ್ಲಸ್-ಮೈನಸ್ ಅಂತ ಲೆಕ್ಕ ಇಟ್ಟಿದ್ದಾರೆ: ಒಬ್ಬ ಅಂಕಣದಲ್ಲಿದ್ದಾಗ ತಂಡ ಎಷ್ಟು ಮುಂದೆ ಅಥವಾ ಹಿಂದೆ ಹೋಯಿತು ಅಂತ. ಫುಟ್‌ಬಾಲಿನಲ್ಲಿ ಗೋಲು ಕಡಿಮೆ ಇರುವುದರಿಂದ ಅದನ್ನು ಪೂರ್ತಿ ನಂಬಲಾಗುವುದಿಲ್ಲ. ಆದರೆ ಎದುರಾಳಿ ನಮ್ಮ ಬಾಕ್ಸ್ ಒಳಗೆ ಎಷ್ಟು ಸಲ ಬಂದ, ಎಷ್ಟು ಶಾಟ್ ಹೊಡೆದ ಅಂತ ಅವನಿದ್ದಾಗ, ಇಲ್ಲದಿದ್ದಾಗ ಬೇರೆ ಬೇರೆ ಎಣಿಸಿ. ಎರಡೂ ಸಲ ಸ್ಕೋರ್ ಏನಿತ್ತು ಅಂತಲೂ ಬರೆದುಕೊಳ್ಳಿ. ನಾನು ಎಡವಿದ್ದು ಅಲ್ಲೇ.

ಬೆಂಚ್ ಬಗ್ಗೆ ಇನ್ನೊಂದು ಮಾತು. ಹಿಂದೆ ಫುಟ್‌ಬಾಲಿನಲ್ಲಿ ಮೂರೇ ಬದಲಿ ಇತ್ತು. 2020ರಲ್ಲಿ ಕೊರೊನಾ ಕಾಲಕ್ಕೆ ತಾತ್ಕಾಲಿಕವಾಗಿ ಐದು ಮಾಡಿದರು, 2022ರಲ್ಲಿ ಅದನ್ನೇ ನಿಯಮದಲ್ಲಿ ಸೇರಿಸಿದರು. ಅಂದರೆ ಗೋಲ್‌ಕೀಪರ್ ಬಿಟ್ಟು ಹತ್ತು ಜನರಲ್ಲಿ ಅರ್ಧ ತಂಡವನ್ನೇ ಪಂದ್ಯದ ನಡುವೆ ಬದಲಾಯಿಸಬಹುದು. ಹನ್ನೆರಡರಿಂದ ಹದಿನಾರನೇ ಆಟಗಾರ ಈಗ ಸುಮ್ನೆ ಕೂರುವವನಲ್ಲ, ಪಂದ್ಯದ ಕೊನೆಯ ಭಾಗ ನಿಂತಿರುವುದೇ ಅವನ ಮೇಲೆ. ಅವರನ್ನು ‘ಜಾಸ್ತಿ ಆಡದವರು’ ಅಂತ ಕರೆಯುವುದನ್ನು ನಿಲ್ಲಿಸಿ.

ವಯಸ್ಸಾದವರನ್ನು ಇಟ್ಟುಕೊಳ್ಳಬೇಕು ಅಂತ ನಾನು ವಾದ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. 2013ರಲ್ಲಿ ಎನ್‌ಬಿಎ ತಂಡ ಬ್ರೂಕ್ಲಿನ್ ನೆಟ್ಸ್ ವಯಸ್ಸಾದ ಗಾರ್ನೆಟ್, ಪಿಯರ್ಸ್‌ಗೋಸ್ಕರ ಬಾಸ್ಟನ್ ತಂಡಕ್ಕೆ ತಮ್ಮ ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕುಗಳನ್ನೇ, ಅಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಗಳನ್ನೇ ಕೊಟ್ಟುಬಿಟ್ಟಿತು. ಬಾಸ್ಟನ್‌ಗೆ ಜೇಲೆನ್ ಬ್ರೌನ್, ಜೇಸನ್ ಟೇಟಮ್ ದಕ್ಕಿದ್ದು ಆ ಹಕ್ಕುಗಳಿಂದ. ಅವರಿಬ್ಬರ ಜೊತೆ ಬಾಸ್ಟನ್ 2024ರಲ್ಲಿ ಚಾಂಪಿಯನ್ ಆಯಿತು. ಹಳಬನನ್ನು ಬಿಡುವುದು ತಪ್ಪಲ್ಲ. ಅವನ ಕೆಲಸ ಏನು ಅಂತ ತಿಳಿಯದೆ, ಆ ಕೆಲಸಕ್ಕೆ ಇನ್ನೊಬ್ಬ ಸಿಗದೆ ಬಿಡುವುದು ತಪ್ಪು.

ನೀವು ಹೆಸರಿಸದ ಆ ಇಬ್ಬರ ವಿಷಯದಲ್ಲಿ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಅವರ ಪಕ್ಕದಲ್ಲಿ ಆಡುವವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದೆ: "ಇವನು ಇಲ್ಲದ ದಿನ ನೀನು ಬೇರೆ ಏನು ಮಾಡ್ತೀಯ?" ಅಂತ. "ಏನೂ ಇಲ್ಲ" ಅಂದರೆ ಧೈರ್ಯವಾಗಿ ಬಿಡಿ. "ನಾನು ಮುಂದೆ ಹೋಗಲ್ಲ" ಅಥವಾ "ಹಿಂದೆ ತಿರುಗಿ ನೋಡ್ತಾ ಇರ್ಬೇಕಾಗತ್ತೆ" ಅಂತ ಬಂದರೆ ಅಲ್ಲೇ ನಿಲ್ಲಿ. ಆಮೇಲೆ ಅವರು ಆಡಿದ ಪಂದ್ಯಗಳ ವಿಡಿಯೋ ಹಾಕಿ, ಚೆಂಡು ಅವರ ಹತ್ತಿರ ಇಲ್ಲದ ಹೊತ್ತನ್ನು ಮಾತ್ರ ನೋಡಿ. ಬೇಸರದ ಕೆಲಸ, ಆದರೂ ಕೋಚ್‌ಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಸ್ಟ್ರೈಕರ್‌ನ ಏಜೆಂಟ್ ನಾಳೆಯೇ ಉತ್ತರ ಬೇಕು ಅಂತ ಒತ್ತಾಯ ಮಾಡುತ್ತಾನೆ, ಮಾಡಲಿ. ಆ ಇಬ್ಬರ ಕೆಲಸಕ್ಕೆ ಬದಲಿ ಆಟಗಾರ ಇನ್ನೂ ಸಹಿ ಹಾಕಿಲ್ಲದಿದ್ದರೆ ಅವರ ಒಪ್ಪಂದವನ್ನು ಒಂದು ವರ್ಷಕ್ಕೆ ವಿಸ್ತರಿಸಲು ಕೇಳಿ.