ಗಂಟೆ ಬಾರಿಸಿದ ಮೇಲೆ

ಅಣ್ಣಾ, ಕಲಬುರಗಿಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲವೆಂದು ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ, ತೀರ್ಪುಗಾರರ ಮೇಲೆ ದೂರು ಕೊಡಲೇ ಎಂದು ಕೇಳಿದ್ದೀರಿ. ದೂರು ಬೇಡ. ಅಂಕಪಟ್ಟಿ ತೋರಿಸುತ್ತೀರಾ ಎಂದು ಒಮ್ಮೆ ಕೇಳಿ ನೋಡಿ, ಅಷ್ಟು ಸಾಕು.

ಕಾಲೇಜಿನಲ್ಲಿದ್ದಾಗ ಬೀದರಿನಲ್ಲಿ ನಾನೂ ಹೀಗೆಯೇ ಸೋತಿದ್ದೆ. ವಿಷಯ ಸಂವಿಧಾನದ 371 ಜೆ ವಿಧಿ, ಅಂದರೆ ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಭಾಗಕ್ಕೆ ಸಿಕ್ಕ ವಿಶೇಷ ಸ್ಥಾನಮಾನ. ಇದ್ದ ಐದು ನಿಮಿಷದಲ್ಲಿ ನಾಲ್ಕನ್ನು ನಿಜಾಮನ ಕಾಲಕ್ಕೇ ಸುರಿದೆ: 1948ರ ಸೆಪ್ಟೆಂಬರ್ 13ರಂದು ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿದ್ದು, 17ರಂದು ನಿಜಾಮ ಶರಣಾದದ್ದು. ಆ ವಿಧಿಯನ್ನು ಸೇರಿಸಿದ ಸಂವಿಧಾನದ 98ನೇ ತಿದ್ದುಪಡಿಗೆ ಬರುವಷ್ಟರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದರು. ಕೈಯಲ್ಲಿದ್ದ ಚೀಟಿ ಬೆವರಿಗೆ ಒದ್ದೆಯಾಗಿ ಶಾಯಿ ಬೆರಳಿಗೆ ಹತ್ತಿತ್ತು. ನಮ್ಮ ಭಾಗದ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಏನು ದಕ್ಕಿತು ಎಂಬುದನ್ನು ಹೇಳಲೇ ಇಲ್ಲ. ಗೆದ್ದ ಹುಡುಗಿ ಅಲ್ಲಿಂದಲೇ ಶುರು ಮಾಡಿದ್ದಳು. ಆ ಹೊತ್ತಿಗೆ ನನಗೂ ಮೋಸವಾಯಿತೆಂದೇ ಅನಿಸಿತ್ತು, ಬಿಡಿ.

ಈಗಲೇ ಬುದ್ಧಿ ಹೇಳಲು ಹೋಗಬೇಡಿ. 'ಸೋಲೇ ಗೆಲುವಿನ ಸೋಪಾನ' ಎಂಬ ಮಾತನ್ನಂತೂ ಮನೆಯಲ್ಲಿ ಯಾರೂ ಎತ್ತದಿರಲಿ. ಆ ವಯಸ್ಸಿನಲ್ಲಿ ಅದು ಗಾಯಕ್ಕೆ ಉಪ್ಪು. ನಾಲ್ಕು ದಿನ ಕಳೆಯಲಿ. ಆಮೇಲೆ ಒಂದು ಸಂಜೆ ಕಲಬುರಗಿಯ ಅಪ್ಪನ ಕೆರೆಯ ಕಡೆ ಕರೆದುಕೊಂಡು ಹೋಗಿ, ಅದೇ ಭಾಷಣವನ್ನು ಮಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಎಲ್ಲಿ ಉಸಿರು ಸಿಕ್ಕಿಕೊಂಡಿತು, ಎಲ್ಲಿ ಓಡಿದಳು ಎಂಬುದು ಅವಳ ಕಿವಿಗೇ ಬೀಳುತ್ತದೆ. ನೀವು ತಪ್ಪು ಎಣಿಸಬೇಡಿ, ಸಮಯ ಮಾತ್ರ ನೋಡಿ. ಮುಂದಿನ ಸ್ಪರ್ಧೆಗೆ ಹೆಸರು ಕೊಡುವುದು, ಬಿಡುವುದು ಅವಳಿಗೆ ಬಿಟ್ಟದ್ದು.